ಬೆಲ್ಲದ ಮೇಲಿನ ಬೆರಳಚ್ಚು ಸಾಕ್ಷಿಯಾಗುತ್ತದೆಯೇ?

ಪ್ರಶ್ನೆ: ಮದ್ದೂರಿನ ಕಡೆ ನಡೆಯುವ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿನ ಹುಡುಗಿಯನ್ನು ಅಪಹರಿಸಿ, ಆಲೆಮನೆಯಲ್ಲಿ ಕೂಡಿಹಾಕಿ, ದುಡ್ಡು ಕೇಳಿ ಚೀಟಿ ಕಳಿಸುತ್ತಾರೆ. ಪೊಲೀಸರು ಬರುವಷ್ಟರಲ್ಲಿ ಅವಳನ್ನು ಬೇರೆ ಕಡೆ ಸಾಗಿಸಿರುತ್ತಾರೆ. ಅದೇ ರಾತ್ರಿ ಡಿಎನ್‌ಎ ವರದಿ ಬಂದು ಅಪರಾಧಿ ಸಿಕ್ಕಿಬೀಳುತ್ತಾನೆ. ಇದು ನಂಬುವ ಹಾಗಿದೆಯಾ?
– ಓದುಗರೊಬ್ಬರು, ಮದ್ದೂರು

ಉತ್ತರ: ಆಲೆಮನೆಯನ್ನು ಬಿಡಬೇಡಿ. ಒಂದೇ ರಾತ್ರಿಯ ಡಿಎನ್‌ಎ ವರದಿಯನ್ನು ಮಾತ್ರ ತೆಗೆದುಹಾಕಿ. ವರದಿ ಬೇಗ ಬಂದರೂ ಅದು ತಾನಾಗಿ ಯಾರ ಹೆಸರನ್ನೂ ಹೇಳುವುದಿಲ್ಲ. ಹೋಲಿಸಿ ನೋಡಲು ಶಂಕಿತನ ಮಾದರಿ ಬೇಕೇ ಬೇಕು.

ನಿಮ್ಮ ಕತೆಯ ಒಳ್ಳೆಯ ಸುಳಿವು ಬೆಲ್ಲದಲ್ಲೇ ಇದೆ. ಕೊಪ್ಪರಿಗೆಯಿಂದ ಇಳಿಸಿದ ಪಾಕ ಅಚ್ಚಿನಲ್ಲಿ ಗಟ್ಟಿಯಾಗುವ ತನಕ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ. ಆಗ ಹುಡುಗಿ ಬೇಕಂತಲೇ ಹೆಬ್ಬೆರಳು ಒತ್ತಿದರೆ? ಬೆರಳಿನ ಗೆರೆಗಳು ಹಾಗೇ ಮೂಡಿ ಉಳಿಯುತ್ತವೆ. ಅವಳು ಎಷ್ಟೊತ್ತಿಗೆ ಅಲ್ಲಿದ್ದಳು ಅನ್ನುವುದೂ ತಿಳಿಯುತ್ತದೆ. ಆ ಪಾಕ ಯಾವಾಗ ಇಳಿಸಿದ್ದು ಅಂತ ಆಲೆಮನೆಯವರನ್ನು ಕೇಳಿದರಾಯಿತು. ಇಂಥ ಗುರುತಿಗೆ ಬೆರಳಚ್ಚು ಎತ್ತುವ ಪುಡಿ ಹಚ್ಚಬಾರದು, ಗೆರೆ ಹಾಳಾಗುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು, ಬೆಳಕನ್ನು ಓರೆಯಾಗಿ ಬಿಟ್ಟು ಫೋಟೊ ತೆಗೆಯಬೇಕು. ಬೆಲ್ಲ ನೀರು ಬಿಡುವ ಮೊದಲೇ, ಇರುವೆ ಮುತ್ತುವ ಮೊದಲೇ.

ಹೋಲಿಸಲು ಅವಳ ಬೆರಳಚ್ಚು ಎಲ್ಲಿಂದ ತರುವುದು? ಶಾಲೆಯ ನೋಟ್‌ಬುಕ್ಕಿನಿಂದ. ಗಾಜು, ಸ್ಟೀಲಿನ ಮೇಲೆ ಮಕ್ಕಳ ಬೆರಳಚ್ಚು ದೊಡ್ಡವರದಕ್ಕಿಂತ ಬೇಗ ಮಾಸುತ್ತದೆ, ಅದರ ಎಣ್ಣೆಯಂಶ ಬೇಗ ಆರಿಹೋಗುತ್ತದೆ. ಕಾಗದದಲ್ಲಿ ಹಾಗಲ್ಲ. ಬೆವರಿನ ಅಮೈನೊ ಆಮ್ಲ ಅದರೊಳಗೆ ಇಳಿದು ವರ್ಷಗಟ್ಟಲೆ ಉಳಿಯಬಲ್ಲದು. ನಿನ್‌ಹೈಡ್ರಿನ್ ಅನ್ನುವ ರಾಸಾಯನಿಕ ಹಚ್ಚಿದರೆ ನೇರಳೆ ಬಣ್ಣದಲ್ಲಿ ಎದ್ದು ಕಾಣುತ್ತದೆ.

ದುಡ್ಡು ಕೇಳಿದ ಚೀಟಿಗೂ ಇದೇ ಪರೀಕ್ಷೆ. ಆದರೆ ಅದನ್ನು ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲರೂ ಮುಟ್ಟಿರುತ್ತಾರೆ ಅಲ್ವಾ? ಅವರ ಬೆರಳಚ್ಚನ್ನೂ ತೆಗೆದುಕೊಂಡು ಬೇರ್ಪಡಿಸಬೇಕು. ಈ ದೃಶ್ಯವನ್ನು ನಿಧಾನವಾಗಿ ಬರೆಯಿರಿ. ಒಬ್ಬ ನೆಂಟ ಬೆರಳು ಕೊಡಲು ಹಿಂಜರಿಯಲಿ. ಸಣ್ಣ ಊರಿನಲ್ಲಿ ಅಷ್ಟೇ ಸಾಕು, ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅದೇ ಮಾತು.

ಮೊಬೈಲ್ ಟವರ್ ಲೊಕೇಶನ್ ಒಂದು ಮನೆಯನ್ನೇ ತೋರಿಸುತ್ತದೆ ಅಂತ ಬರೆಯಬೇಡಿ. ಹಳ್ಳಿ ಕಡೆ ಒಂದೇ ಟವರ್ ಹಲವು ಕಿಲೋಮೀಟರ್ ವ್ಯಾಪಿಸಿರುತ್ತದೆ.

ಇನ್ನೊಂದು ಮಾತು, ನಿಮ್ಮ ಇನ್‌ಸ್ಪೆಕ್ಟರ್ ಒಬ್ಬರೇ ಒಳಗೆ ನುಗ್ಗಿ ಎಲ್ಲವನ್ನೂ ಎತ್ತಿಕೊಳ್ಳುವುದು ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧಗಳ ತನಿಖೆ, ವಿಚಾರಣೆಯ ಕಾನೂನು) ಪ್ರಕಾರ, 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೊ ಆಗಬೇಕು. ಈ ನಿಯಮ ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದವರೆಗೆ ಅವಕಾಶವಿದೆ. ತಜ್ಞರು ಬರುವ ತನಕ ಬಾಗಿಲಲ್ಲಿ ಒಬ್ಬ ಕಾನ್‌ಸ್ಟೆಬಲ್ ನಿಂತು ಯಾರನ್ನೂ ಒಳಗೆ ಬಿಡದಿರಲಿ. ಹುಡುಗಿಯ ಒದ್ದೆ ರಿಬ್ಬನ್ ಸಿಕ್ಕರೆ ಅದನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಿಸಿ. ಪ್ಲಾಸ್ಟಿಕ್ ಕವರಾದರೆ ಬೂಷ್ಟು ಹಿಡಿದು ಡಿಎನ್‌ಎ ಕೆಡುತ್ತದೆ.