ತಲೆಗೆ ಪೆಟ್ಟಾಗಿ ಮಿದುಳು ಊದಿಕೊಂಡರೆ ಸ್ಟೀರಾಯ್ಡ್ ಯಾಕೆ ಕೊಡುವುದಿಲ್ಲ? ಮತ್ತೇನು ಮಾಡುತ್ತಾರೆ?

ಬೇರೆ ಕಡೆ ಬಾವು ಇಳಿಸುವ ಸ್ಟೀರಾಯ್ಡ್ ಇಲ್ಲಿ ಜೀವಕ್ಕೇ ಕುತ್ತು ತರಬಹುದು. ಸುಮಾರು 10,000 ಗಾಯಾಳುಗಳನ್ನು ಒಳಗೊಂಡ, 2004ರಲ್ಲಿ ಪ್ರಕಟವಾದ ಕ್ರ್ಯಾಶ್ ಅಧ್ಯಯನದಲ್ಲಿ ಸ್ಟೀರಾಯ್ಡ್ ಪಡೆದವರಲ್ಲೇ ಸಾವು ಹೆಚ್ಚಿತ್ತು.

ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಊತ ಏರಿದರೆ ಒತ್ತಡವೂ ಏರಿ ಮಿದುಳಿಗೆ ರಕ್ತ ಸಾಲದಾಗುತ್ತದೆ. ಅದಕ್ಕೇ ಐಸಿಯುನಲ್ಲಿ ಹಾಸಿಗೆಯ ತಲೆಭಾಗವನ್ನು 30 ಡಿಗ್ರಿ ಎತ್ತಿ, ಕುತ್ತಿಗೆ ವಾಲದಂತೆ ನೇರ ಇಡುತ್ತಾರೆ; ಕತ್ತಿನ ರಕ್ತನಾಳ ಅಮುಕದೆ ರಕ್ತ ಸಲೀಸಾಗಿ ಕೆಳಗಿಳಿಯಬೇಕು. ಬಿಪಿ, ಆಕ್ಸಿಜನ್ ಬೀಳದಂತೆ ಕಾಯುತ್ತಾರೆ. ಬುರುಡೆಯೊಳಗಿನ ಒತ್ತಡ 22 ಮಿ.ಮೀ. ಪಾದರಸ ದಾಟಿದರೆ, ಮಿದುಳಿನ ನೀರು ಸೆಳೆದು ಊತ ಇಳಿಸುವ ಮ್ಯಾನಿಟಾಲ್ ಎಂಬ ಔಷಧ ಅಥವಾ ಗಾಢ ಉಪ್ಪುನೀರಿನ ಡ್ರಿಪ್.

ಅದಕ್ಕೂ ಬಗ್ಗದಿದ್ದರೆ ಬುರುಡೆಯ ಒಂದು ಭಾಗವನ್ನೇ ತೆಗೆದು ಜಾಗ ಮಾಡಿಕೊಡುತ್ತಾರೆ. ಜೀವ ಉಳಿಯುವ ಸಾಧ್ಯತೆ ಹೆಚ್ಚುತ್ತದೆ, ನಿಜ. ಆದರೆ ಉಳಿದವರಲ್ಲಿ ಕೆಲವರು ಪೂರ್ತಿ ಇನ್ನೊಬ್ಬರ ಆಸರೆಯಲ್ಲೇ ಬದುಕಬೇಕಾಗುತ್ತದೆ. ಇದನ್ನು ಮನೆಯವರು ಸಹಿ ಹಾಕುವ ಮೊದಲೇ ಡಾಕ್ಟರು ಬಿಡಿಸಿ ಹೇಳಬೇಕು.