ಕಾರ್ಪೊರೇಟರ್ ಹೇಳಿದ್ದು ಅರ್ಧ ಮಾತ್ರ ಸರಿ

ಧಾರವಾಡದಿಂದ ಬರೆದ ಹಿರಿಯರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹುಬ್ಬಳ್ಳಿಯ ಹೋಟೆಲಿನಲ್ಲಿ ಕೆಲಸ ಮುಗಿಸಿ ರಾತ್ರಿ ಚಿಗರಿ ಬಸ್ಸಿಗೆ ನಿಂತಿದ್ದ ಮಗನನ್ನು ಠಾಣೆಗೆ ಕರೆದೊಯ್ದರು, ಹೊಡೆದರು, ಫೋನ್ ಕಸಿದುಕೊಂಡು ಬೆಳಗಿನ ಜಾವ ಬಿಟ್ಟರು. ಯಾಕೆ ಅಂತ ಇವತ್ತಿಗೂ ಹೇಳಿಲ್ಲ. ನೀವು ಕಾರ್ಪೊರೇಟರ್ ಮನೆಗೆ ಹೋದರೆ ಅವರು "ಪೊಲೀಸರು ನಮ್ಮ ಕೈಯಾಗ ಇಲ್ರಿ" ಅಂದರು. ಗಟಾರು, ನೀರಿಗೆ ಉತ್ತರ ಕೊಡುವ ಪಾಲಿಕೆ ಇದನ್ನು ಯಾಕೆ ಕೇಳಬಾರದು ಅನ್ನೋದು ನಿಮ್ಮ ಪ್ರಶ್ನೆ.

ಠಾಣೆಯವರ ಮಾತು ನಾನು ಕೇಳಿಲ್ಲ. ಆದರೆ ಅವರು ಏನೇ ಹೇಳಲಿ, ಠಾಣೆಯೊಳಗೆ ಹೊಡೆಯುವ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ.

ಕಾರ್ಪೊರೇಟರ್ ಹೇಳಿದ್ದು ಅರ್ಧ ನಿಜ. ಸಂವಿಧಾನದಲ್ಲಿ ಪೊಲೀಸ್ ರಾಜ್ಯದ ವಿಷಯ. ನಗರಸಭೆ, ಪಾಲಿಕೆಗಳಿಗೆ ಕೊಡಬಹುದು ಅಂತ 12ನೇ ಅನುಸೂಚಿಯಲ್ಲಿ ಹೇಳಿರುವ 18 ಕೆಲಸಗಳಲ್ಲಿ ಪೊಲೀಸ್ ಇಲ್ಲ. ಹಾಗಾಗಿ ನಮ್ಮ ಪಾಲಿಕೆ ಒಬ್ಬ ಪೇದೆಯನ್ನೂ ಅಮಾನತು ಮಾಡಲಾರದು. ಶಿಸ್ತು ಕ್ರಮ ಏನಿದ್ದರೂ ರಾಜ್ಯ ಪೊಲೀಸರ ಶಿಸ್ತು ವಿಚಾರಣೆಗೆಂದೇ ಇರುವ 1965ರ ನಿಯಮದ ಪ್ರಕಾರ ಇಲಾಖೆಯೇ ನಡೆಸುತ್ತದೆ. ಇನ್ನು ಅಮಾನತು ಅಂದರೆ ಶಿಕ್ಷೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಅದು ವಿಚಾರಣೆ ಮುಗಿಯುವ ತನಕ ಕೆಲಸದಿಂದ ದೂರ ಇಡುವುದು, ಅಷ್ಟೇ. ತಮ್ಮವರ ತಪ್ಪನ್ನು ತಮ್ಮವರೇ ವಿಚಾರಿಸುವ ಈ ಪದ್ಧತಿ ಸಾಲದು ಅಂತಲೇ ಸುಪ್ರೀಂ ಕೋರ್ಟ್ 2006ರಲ್ಲಿ, ಪ್ರಕಾಶ್ ಸಿಂಗ್ ಪ್ರಕರಣದಲ್ಲಿ, ರಾಜ್ಯಕ್ಕೊಂದು ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಬೇಕು ಅಂದಿತು. ನಮ್ಮಲ್ಲಿ 2012ರ ತಿದ್ದುಪಡಿಯಿಂದ ಪೊಲೀಸ್ ಕಾಯ್ದೆಯಲ್ಲೇ ಅದಕ್ಕೆ ಜಾಗ ಸಿಕ್ಕಿದೆ. ಆದರೆ ನಮ್ಮೂರಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ, ನನಗೆ ಬೇಜಾರಾಗುವುದು ಅಲ್ಲೇ.

ಈಗ ಕಾರ್ಪೊರೇಟರ್ ಹೇಳದ ಇನ್ನರ್ಧ. 2020ರ ಡಿಸೆಂಬರ್ 2ರಂದು, ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಠಾಣೆಗಳಲ್ಲೂ ಸಿಸಿಟಿವಿ ಕಡ್ಡಾಯ ಮಾಡಿತು. ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಕೋಣೆ, ಹಿಂದಿನ ಅಂಗಳ, ಯಾವುದನ್ನೂ ಬಿಡುವಂತಿಲ್ಲ. ಚಿತ್ರದ ಜೊತೆ ಧ್ವನಿಯೂ ದಾಖಲಾಗಬೇಕು. ಇದನ್ನು ನೋಡಿಕೊಳ್ಳಲು ಪ್ರತಿ ಜಿಲ್ಲೆಗೂ ಒಂದು ಸಮಿತಿ ಇರಬೇಕು ಅಂತಲೂ ಹೇಳಿತು. ಅದರಲ್ಲಿ ಯಾರು ಯಾರು ಗೊತ್ತಾ? ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಎಸ್ಪಿ, ಜೊತೆಗೆ ಜಿಲ್ಲೆಯ ಒಬ್ಬ ಮೇಯರ್, ಹಳ್ಳಿ ಕಡೆಯಾದರೆ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರು. ಕ್ಯಾಮೆರಾ ಕೆಟ್ಟಿದೆಯಾ ಅಂತ ನೋಡುವುದಷ್ಟೇ ಇವರ ಕೆಲಸ ಅಲ್ಲ. ಯಾರೂ ದೂರು ಕೊಡದಿದ್ದರೂ ಠಾಣೆಯಲ್ಲಿ ಹೊಡೆತ ಬಡಿತ ಏನಾದರೂ ನಡೆದಿದೆಯಾ ಅಂತ ದೃಶ್ಯಗಳನ್ನು ತೆಗೆಸಿ ಪರಿಶೀಲಿಸಬೇಕು, ತಿಂಗಳಿಗೊಮ್ಮೆ ರಾಜ್ಯ ಸಮಿತಿಗೆ ವರದಿ ಕಳಿಸಬೇಕು.

ಅಂದರೆ ಜನ ಆರಿಸಿದವರಿಗೆ ಅಲ್ಲಿ ಒಂದು ಕುರ್ಚಿ ಇದೆ. ಅದಕ್ಕೇ ನಿಮ್ಮ ಕಾರ್ಪೊರೇಟರ್ ಹತ್ತಿರ ಇನ್ನೊಮ್ಮೆ ಹೋಗಿ, ಈ ಸಲ ಸಹಾಯ ಕೇಳಬೇಡಿ, ಕೆಲಸ ಕೇಳಿ. ಈ ಸಮಿತಿ ಸೇರಿದ್ದು ಯಾವಾಗ, ಪಾಲಿಕೆ ಕಡೆಯಿಂದ ಯಾರು ಕೂತಿದ್ದರು, ಎಷ್ಟು ಠಾಣೆಯ ದೃಶ್ಯ ನೋಡಿದರು ಅಂತ ಸಾಮಾನ್ಯ ಸಭೆಯಲ್ಲಿ ಅವರೇ ಎದ್ದು ನಿಂತು ಕೇಳಲಿ.

ಅದಕ್ಕೂ ಮೊದಲು ನಿಮ್ಮ ಮಗನ ಕೆಲಸ ಆಗಬೇಕು. ದೃಶ್ಯವನ್ನು 18 ತಿಂಗಳು ಇಡಬೇಕು ಅಂತ ಆದೇಶ ಇದೆ, ಆದರೆ ಅದನ್ನು ನಂಬಿ ಸುಮ್ನೆ ಕೂರಬೇಡಿ. ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆಯ ದೃಶ್ಯ ಅಳಿಸದೆ ಕಾಯ್ದಿಡಿ ಅಂತ ಪೊಲೀಸ್ ಆಯುಕ್ತರಿಗೆ ಇವತ್ತೇ ಅರ್ಜಿ ಕೊಡಿ. ಹಾಗೆ ಕೇಳುವುದು ನೊಂದವನ ಹಕ್ಕು ಅಂತ ಅದೇ ಆದೇಶದಲ್ಲಿದೆ. ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ಜಿಲ್ಲಾಧಿಕಾರಿಗೆ, ಮತ್ತೊಂದು ಮೇಯರ್‌ಗೆ. ಆವತ್ತು ಆಸ್ಪತ್ರೆಗೆ ತೋರಿಸಿದ್ದರೆ ಆ ಚೀಟಿ ಜೋಪಾನ. ಮಾನವ ಹಕ್ಕುಗಳ ಆಯೋಗಕ್ಕೂ ಹೋಗಬಹುದು, ಆದರೆ ಘಟನೆ ನಡೆದ ಒಂದು ವರ್ಷದೊಳಗೆ.

ಮಗ ಹೆದರಿದ್ದಾನೆ, ಬೇಡ ಅಪ್ಪ ಅನ್ನುತ್ತಾನೆ ಅಂತ ಬರೆದಿದ್ದೀರಿ. ಅವನನ್ನು ಒತ್ತಾಯ ಮಾಡಬೇಡಿ. ದೃಶ್ಯ ಕಾಯ್ದಿಡಿ ಅನ್ನುವ ಅರ್ಜಿಯಿಂದ ಯಾರ ಮೇಲೂ ಕೇಸು ಆಗುವುದಿಲ್ಲ, ಅವನು ಮುಂದೆ ಯಾವತ್ತಾದರೂ ಮನಸ್ಸು ಮಾಡಿದರೆ ಸಾಕ್ಷಿ ಉಳಿದಿರುತ್ತದೆ. ಅವನ ಫೋನ್ ಇನ್ನೂ ಠಾಣೆಯಲ್ಲೇ ಇದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ.