ಶಿಡ್ಲಘಟ್ಟದ ಗೂಡು, ಚೀನಾದ ನೂಲು

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "2011ರಲ್ಲಿ ರೇಷ್ಮೆ ಗೂಡಿನ ರೇಟು ಬಿದ್ದಾಗ ನಮ್ಮಪ್ಪ ಹಿಪ್ಪುನೇರಳೆ ತೋಟ ಕಿತ್ತುಹಾಕಿದರು. ಜಪಾನ್, ಕೊರಿಯಾ, ಚೀನಾ ಎಲ್ಲ ಮುಂದೆ ಹೋದವು. ನಾವು ಜಗತ್ತಿಗೆ ಬಾಗಿಲು ತೆಗೆದದ್ದೇ ತಪ್ಪಾ? ಇಲ್ಲ, ಚೀನಾ ಮಾಡಿದ ಹಾಗೇ ಮಾಡಬೇಕಿತ್ತಾ?"

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೆಳೆಸಿದ ತೋಟವನ್ನು ಕೈಯಾರೆ ಕೀಳುವುದು ಸುಮ್ನೆ ಮಾತಲ್ಲ. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಯಿತು. 2013ರಲ್ಲಿ ಶೇ 15 ಮಾಡಿದರು. ಅಷ್ಟರಲ್ಲಿ ನಿಮ್ಮ ತಂದೆಯವರ ತೋಟ ಹೋಗಿತ್ತು.

ಬಾಗಿಲು ತೆಗೆದ ಹೊತ್ತು ತಪ್ಪಿತು ಅಂತ ನನಗನಿಸುತ್ತದೆ. ಮನೆಯೊಳಗಿನ ಕೆಲಸ ಅರ್ಧಕ್ಕೇ ನಿಂತಿತ್ತು.

ಜಪಾನನ್ನೇ ನೋಡಿ. 1872ರಲ್ಲಿ ಅಲ್ಲಿನ ಸರ್ಕಾರ ಫ್ರಾನ್ಸಿನಿಂದ ಯಂತ್ರ ತರಿಸಿ ತೊಮಿಯೊಕಾದಲ್ಲಿ ರೇಷ್ಮೆ ನೂಲಿನ ಕಾರ್ಖಾನೆ ಕಟ್ಟಿತು. ಅದೇ ವರ್ಷ, ಹುಡುಗ ಹುಡುಗಿ ಎಲ್ಲರೂ ಶಾಲೆಗೆ ಹೋಗಬೇಕು ಅಂತ ಆದೇಶವನ್ನೂ ಹೊರಡಿಸಿತು. ತೊಮಿಯೊಕಾದಲ್ಲಿ ಕೆಲಸ ಕಲಿತ ಹೆಣ್ಣುಮಕ್ಕಳು ಊರಿಗೆ ಮರಳಿ ಬೇರೆಯವರಿಗೆ ಕಲಿಸಿದರು. ನೂಲು ಮಾರಿ ಬಂದ ಹಣದಲ್ಲಿ ದೇಶ ಬೇರೆ ಯಂತ್ರಗಳನ್ನು ಕೊಂಡಿತು. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಬಂದವರು. ಅವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಮಾಡಿತು. ಇಡೀ ದೇಶಕ್ಕೆ ಶಿಕ್ಷಣ ಹಕ್ಕಿನ ಕಾಯ್ದೆ ಜಾರಿಯಾಗಲು 2010 ಬರಬೇಕಾಯಿತು. ಇದು ನನ್ನನ್ನು ಬಹಳ ಕಾಡುತ್ತದೆ.

ಕೊರಿಯಾ ಮೊದಲು ಉಳುವವನಿಗೆ ಭೂಮಿ ಕೊಟ್ಟಿತು, ಆಮೇಲೆ ರಫ್ತಿಗೆ ಇಳಿಯಿತು. ಚೀನಾ 1978ರ ನಂತರ ಹೊಲಗಳನ್ನು ಕುಟುಂಬಗಳ ಕೈಗೆ ಬಿಟ್ಟಿತು. 1980ರಲ್ಲಿ ಷೆನ್‌ಜೆನ್ ಸೇರಿ ನಾಲ್ಕೇ ಕಡೆ ವಿದೇಶಿ ಬಂಡವಾಳಕ್ಕೆ ಜಾಗ ಮಾಡಿತು. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ್ದು 2001ರ ಡಿಸೆಂಬರಿನಲ್ಲಿ. ನಾವು 1991ರಲ್ಲಿ ಸಾಲದ ಬಿಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಬಾಗಿಲು ತೆಗೆದೆವು. 1995ರಲ್ಲಿ ಆ ಸಂಸ್ಥೆ ಶುರುವಾದಾಗಲೇ ಸದಸ್ಯರಾಗಿದ್ದೆವು.

ಹಾಗಂತ ಚೀನಾದ ದಾರಿ ನಮಗೆ ಬೇಡ. ಹಳ್ಳಿಯಿಂದ ನಗರಕ್ಕೆ ದುಡಿಯಲು ಹೋದವರ ಮಕ್ಕಳಿಗೆ ಅಲ್ಲಿ ನಗರದವರ ಸಮಾನ ಶಾಲೆ ಸಿಗುವುದೇ ಕಷ್ಟ. ಹುಟ್ಟಿದೂರಿನ ನೋಂದಣಿ ಅವರನ್ನು ಬಿಡುವುದಿಲ್ಲ. ಸರ್ಕಾರದ ವಿರುದ್ಧ ರಸ್ತೆಗೆ ಇಳಿಯುವ ಹಕ್ಕು ನಮ್ಮ ರೈತರಿಗಿದೆ. ಅದನ್ನು ಬಿಟ್ಟುಕೊಟ್ಟು ಬರುವ ಶ್ರೀಮಂತಿಕೆಯನ್ನು ನಾನು ಒಪ್ಪಲಾರೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೇಕಾರರು ಚೀನಾ ನೂಲಿನ ಕಡೆ ಹೋದದ್ದು ರೇಟಿಗಾಗಿ ಮಾತ್ರ ಅಲ್ಲ. ಪವರ್‌ಲೂಮಿನಲ್ಲಿ ಹಾಸು ನೂಲಿಗೆ, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ನೂಲಿಗೆ, ಪದೇ ಪದೇ ಕಡಿಯದ, ಒಂದೇ ಸಮ ಇರುವ ಎಳೆ ಬೇಕು. ನಮ್ಮಲ್ಲಿ ಜಾಸ್ತಿ ಬರುತ್ತಿದ್ದದ್ದು ಎಳೆ ಅಷ್ಟು ಒಂದೇ ಸಮ ಇರದ ಮಿಶ್ರತಳಿ ಗೂಡು, ಅದನ್ನು ಬಿಚ್ಚಿ ನೂಲು ತೆಗೆಯುತ್ತಿದ್ದದ್ದು ಚರಕ, ಕಾಟೇಜ್ ಬೇಸಿನ್‌ ಎಂಬ ಸಣ್ಣ ಸಾಧನಗಳಲ್ಲಿ. ಒಂದೇ ಸಮದ ಎಳೆ ಕೊಡುವ ದ್ವಿತಳಿ ಗೂಡು, ನೂಲು ತೆಗೆಯುವ ಸ್ವಯಂಚಾಲಿತ ಯಂತ್ರ, ಗೂಡು ಕೊಂಡು ನೂಲು ತೆಗೆಯುವ ರೀಲರಿಗೆ ಕೈಗೆಟುಕುವ ಬಡ್ಡಿಯ ಸಾಲ: ಇವೆಲ್ಲ ಮೊದಲು ಬಂದು, ಸುಂಕ ವರ್ಷಕ್ಕಿಷ್ಟು ಅಂತ ಇಳಿದಿದ್ದರೆ ನಿಮ್ಮ ತಂದೆಯವರು ತಡೆದುಕೊಳ್ಳುತ್ತಿದ್ದರು, ಅಲ್ವಾ? ಅತ್ತ ದೊಡ್ಡಬಳ್ಳಾಪುರದ ನೇಕಾರನಿಗೆ ಅಗ್ಗದ ನೂಲು ಬೇಕೇ ಬೇಕು. ಅವನೂ ನಮ್ಮವನೇ.

ತಂದೆಯವರ ಬಳಿ 2010, 2011ರಲ್ಲಿ ಮಾರುಕಟ್ಟೆಯಲ್ಲಿ ಗೂಡು ಮಾರಿದ ಲಾಟಿನ ಚೀಟಿಗಳು ಉಳಿದಿದ್ದರೆ ನಕಲು ಕಳಿಸಿಕೊಡಿ. ಸೊಪ್ಪು, ಕೂಲಿ, ಚಾಕಿ (ಎಳೆಯ) ಹುಳುವಿನ ಖರ್ಚನ್ನೂ ಅವರ ನೆನಪಿನಂತೆ ಬರೆಸಿ. ಮುಂದಿನ ಸಂಚಿಕೆಯಲ್ಲಿ ಹೆಸರಿಲ್ಲದೆ ಪ್ರಕಟಿಸುತ್ತೇನೆ.